ಮಳೆಗಾಲದ ತಾಲೀಮಿನಲ್ಲಿ ಹಾರ್ಮೋನಿಯಂ ಕೀ ಅಂಟಿಕೊಂಡಾಗ

ಸಾಗರದ ಹತ್ತಿರದ ನಮ್ಮೂರಲ್ಲಿ ಆಷಾಢದ ಮಳೆಯಲ್ಲೇ ನಾಟಕದ ತಾಲೀಮು. ಹಾರ್ಮೋನಿಯಂನಲ್ಲಿ ಒತ್ತಿದ ಕೀ ಮೇಲೆ ಬರುತ್ತಿರಲಿಲ್ಲ. ಬೆರಳು ತೆಗೆದರೂ ಸ್ವರ ಕುಂಯ್ ಅಂತ ಎಳೆಯುತ್ತಲೇ ಇತ್ತು. ತಕರಾರೆಲ್ಲ ಬಿಳಿ ಕೀಗಳದ್ದು.

ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆ. ಧೂಳು ಕೂತು ಇನ್ನೂ ಜಾಸ್ತಿ ಅಂಟಿತು. ಹೇರ್ ಡ್ರೈಯರ್ ಹಿಡಿದರೆ ಅರ್ಧ ಗಂಟೆ ಸರಿ, ಮತ್ತೆ ಅದೇ ರಾಗ. ಮರಳು ಕಾಗದದಿಂದ ಒಂದು ಕೀ ಉಜ್ಜಿದೆ. ಅದು ಈಗ ಬೇಸಿಗೆಯಲ್ಲಿ ಲಟಲಟ ಅನ್ನುತ್ತದೆ, ಆ ಕೆಲಸ ಬೇಡ.

ಥಂಡಿಗೆ ಮರ ಉಬ್ಬಿ ಪಕ್ಕದ ಕೀಗೆ ಉಜ್ಜುವುದೇ ಕಾರಣ. ಹಾಗಾಗಿ ಒಣಗಿಸಬೇಕು, ಅದೂ ನಿಧಾನಕ್ಕೆ. ಹಳೇ ಮರದ ಪೆಟ್ಟಿಗೆಯೊಳಗೆ ಹೋಲ್ಡರ್ ಕೂರಿಸಿ 40 ವ್ಯಾಟಿನ ಬಲ್ಬು ಹಾಕಿದೆ. ತಂತಿ ಇರುವ ಹಳೇ ಬಲ್ಬೇ ಬೇಕು, ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಹಾರ್ಮೋನಿಯಂನ ಮೇಲಿನ ಮುಚ್ಚಳ ತೆಗೆದು, ತಿದಿ (ಗಾಳಿ ಊದುವ ಭಾಗ) ಬಲ್ಬಿನಿಂದ ಆಚೆ ಕಡೆಗೆ ಬರುವಂತೆ ಇಟ್ಟೆ. ನಡುವೆ ಒಂದು ಮೊಳ ಜಾಗ. ಹತ್ತಿರ ಇಟ್ಟರೆ ತಿದಿಯ ಅಂಟು ಬಿಡಬಹುದು. ಪೆಟ್ಟಿಗೆಯ ಬಾಗಿಲು ಎರಡು ಬೆರಳಷ್ಟು ತೆರೆದಿರಲಿ, ಥಂಡಿ ಹೊರಗೆ ಹೋಗಬೇಕಲ್ವಾ? ಸಂಜೆ ಹಚ್ಚಿ, ಮಲಗುವಾಗ ಆರಿಸಿದೆ. ಬಟ್ಟೆ ಏನೂ ಹೊದಿಸಬೇಡಿ.

ಮೂರನೇ ದಿನ ಕೀಗಳು ಬಿಟ್ಟುಕೊಂಡವು. ಆಮೇಲೆ ಲಗ್ನಪತ್ರಿಕೆಯ ತುಂಡಿಗೆ ಟಾಲ್ಕಂ ಪೌಡರ್ ಸವರಿ, ಪ್ರತಿ ಸಂದಿಯಲ್ಲೂ ಎರಡು ಸಲ ಆಡಿಸಿದೆ. ಈಗ ತಾಲೀಮು ಮುಗಿದ ಮೇಲೆ ಹಾರ್ಮೋನಿಯಂ ಇರುವುದು ಅದೇ ಪೆಟ್ಟಿಗೆಯಲ್ಲಿ, 15 ವ್ಯಾಟಿನ ಬಲ್ಬಿನ ಜೊತೆ, ದಿನಕ್ಕೆ ಎರಡು ಗಂಟೆ.