ಗ್ಯಾಂಜಸ್ ಹಡಗಿನ ಸಾಗುವಾನಿ, ಐದು ಡಬ್ಬಿಗಳು

ನಾನಿರುವುದು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ. ವಾರವೆಲ್ಲ ಕಂಪ್ಯೂಟರ್ ಕೆಲಸ, ರಜೆಯಲ್ಲಿ ಗ್ಯಾರೇಜಿನಲ್ಲಿ ಮರಗೆಲಸ. ಪಕ್ಕದ ಮನೆಯ ಅಜ್ಜಿಯ ಹಿತ್ತಲಲ್ಲಿ ಒಂದು ಹಳೇ ಬೆಂಚು ಇತ್ತು. ಸಂದುಗಳೆಲ್ಲ ಸಡಿಲವಾಗಿ ಒಂದು ಕಡೆ ವಾಲಿತ್ತು. "ಇನ್ನು ಇದರ ಮೇಲೆ ಯಾರೂ ಕೂರೋ ಹಾಗಿಲ್ಲ. ನನ್ನ ಐದು ಮೊಮ್ಮಕ್ಕಳಿಗೂ ಇದರಿಂದ ಒಂದೊಂದು ನೆನಪು ಮಾಡಿಕೊಡ್ತೀಯಾ?" ಎಂದು ಅಜ್ಜಿ ಕೇಳಿದರು. ಬೆಂಚಿನ ಬೆನ್ನಿಗೆ ಒಂದು ಹಿತ್ತಾಳೆ ತಗಡು ಬಡಿದಿತ್ತು. ಉಜ್ಜಿ ಓದಿದೆ. ಎಚ್‌ಎಂಎಸ್ ಗ್ಯಾಂಜಸ್.

ನಮ್ಮ ಗಂಗೆಯ ಹೆಸರೇ ಅದು. ಬ್ರಿಟಿಷ್ ನೌಕಾಪಡೆಯ 84 ಫಿರಂಗಿಗಳ ಹಾಯಿಹಡಗು. ಬಾಂಬೆ ಡಾಕ್‌ಯಾರ್ಡಿನಲ್ಲಿ ಪಾರ್ಸಿ ವಾಡಿಯಾ ಮನೆತನದವರು ಕಟ್ಟಿ 1821ರಲ್ಲಿ ನೀರಿಗಿಳಿಸಿದ್ದು. ಪೂರ್ತಿ ಸಾಗುವಾನಿ. ಪೆಸಿಫಿಕ್ ಸಾಗರದಲ್ಲಿ ನಾಲ್ಕು ವರ್ಷ ಅಡ್ಮಿರಲ್‌ನ ಹಡಗಾಗಿತ್ತು. ಕೆನಡಾದ ಸಾಲ್ಟ್ ಸ್ಪ್ರಿಂಗ್ ದ್ವೀಪದಲ್ಲಿ ಇವತ್ತಿಗೂ ಅದರ ಹೆಸರಿನ ಬಂದರಿದೆ. ಆಮೇಲೆ ಫಾಲ್ಮತ್ ಹತ್ತಿರ ಲಂಗರು ಹಾಕಿ ಹುಡುಗರಿಗೆ ನೌಕಾಪಡೆಯ ತರಬೇತಿ ಕೊಡುವ ಹಡಗಾಯಿತು. ಅಜ್ಜಿಯ ತಾತ ಅಲ್ಲಿ ಕಲಿತ ಹುಡುಗ. 1930ರಲ್ಲಿ ಪ್ಲಿಮತ್‌ನಲ್ಲೇ ಹಡಗನ್ನು ಒಡೆದರು. ಆ ಕಾಲದಲ್ಲಿ ಒಡೆದ ಯುದ್ಧನೌಕೆಗಳ ಮರದಿಂದ ಬೆಂಚು, ಆಶ್‌ಟ್ರೇ ಎಲ್ಲ ಮಾಡಿ, ಹೆಸರಿನ ತಗಡು ಹೊಡೆದು ಮಾರುತ್ತಿದ್ದರು.

ಶಿರಸಿಗೆ ಫೋನ್ ಮಾಡಿದೆ. ನಮ್ಮ ಅಪ್ಪಯ್ಯ ಐವತ್ತು ವರ್ಷ ಬಾಗಿಲು, ದಾರಂದ ಮಾಡಿದವರು. "ತಮ್ಮಾ, ಮೊದಲು ಒಂದು ಚಕ್ಕೆ ತೆಗೆದು ಮೂಸಿ ನೋಡು" ಅಂದರು. ಬೆಂಚಿನ ಅಡಿಭಾಗದಲ್ಲಿ ಉಳಿಯಿಂದ ಚೂರು ಕೆರೆದೆ. ಮೇಲೆ ಬೂದಿ ಬಣ್ಣ, ಒಳಗೆ ಜೇನಿನ ಬಣ್ಣ. ಮೂಗಿಗೆ ಹಿಡಿದರೆ ಅಪ್ಪಯ್ಯ ಮರಗೆಲಸ ಮಾಡುತ್ತಿದ್ದ ಕೊಟ್ಟಿಗೆಯದ್ದೇ ವಾಸನೆ. ಬಾಂಬೆಯ ಹಡಗುಗಳಿಗೆ ಮಲಬಾರಿನ ಘಟ್ಟದ ಕಾಡಿನಿಂದ ಮರ ಹೋಗುತ್ತಿತ್ತು ಎಂದು ಓದಿದ್ದೆ. ಆದರೂ ಆ ವಾಸನೆ ಬಂದಾಗ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಕೆಲಸ ಶುರು ಮಾಡಿದ ಮೊದಲ ದಿನವೇ ತಪ್ಪು ಮಾಡಿದೆ. ಹಳೇ ಮರದಲ್ಲಿ ಮೊಳೆ ಇರುತ್ತದೆ ಎಂದು ಗೊತ್ತಿತ್ತು. ಪ್ರತಿ ತುಂಡಿನ ಮೇಲೂ ಅಯಸ್ಕಾಂತ ಆಡಿಸಿ ಎರಡು ಕಬ್ಬಿಣದ ಮೊಳೆ ಕಿತ್ತೆ. ಇನ್ನೇನೂ ಇಲ್ಲ ಎಂದುಕೊಂಡು ಬೆಂಚಿನ ಹಿಂದಿನ ದಪ್ಪ ಕಾಲನ್ನು ಬ್ಯಾಂಡ್ ಸಾ ಎಂಬ ಗರಗಸದ ಯಂತ್ರಕ್ಕೆ ಕೊಟ್ಟೆ. ಕರ್ ಎಂದು ಸದ್ದು ಬಂತು. ಗರಗಸ ಅಡ್ಡ ಓಡಿ ಒಂದು ಇಂಚು ಮರ ಹಾಳಾಯಿತು. ಒಳಗೆ ಹೆಬ್ಬೆರಳು ಗಾತ್ರದ ತಾಮ್ರದ ಬೋಲ್ಟ್. ತಾಮ್ರಕ್ಕೆ ಅಯಸ್ಕಾಂತ ಅಂಟೋದಿಲ್ಲ ಅಲ್ವಾ! ಅದರ ತಲೆಯನ್ನು ಕತ್ತರಿಸಿ ಮೇಲೆ ಮರದ ಬೆಣೆ ಹೊಡೆದು ಮುಚ್ಚಿದ್ದರು. ಮಾರನೇ ದಿನವೇ ಗೋಡೆಯೊಳಗಿನ ವೈರ್ ಹುಡುಕುವ ಚಿಕ್ಕ ಲೋಹಶೋಧಕ ತಂದೆ. ಹಡಗಿನ ಮರ ಮುಟ್ಟುವವರು ಗರಗಸಕ್ಕೂ ಮೊದಲು ಅದನ್ನು ಕೊಳ್ಳಬೇಕು.

ಬೋಲ್ಟನ್ನು ಮೆಲ್ಲಗೆ ಹೊಡೆದು ಹೊರಗೆ ತೆಗೆದೆ. ತೂತಿನ ಸುತ್ತ ಮರ ಕಿಲುಬು ಕುಡಿದು ಹಸಿರಾಗಿತ್ತು. ಅಲ್ಲಿಯವರೆಗೂ ಕಲೆಯಿಲ್ಲದ ಭಾಗ ಮಾತ್ರ ಆರಿಸಿ ನುಣ್ಣನೆಯ ಪೆನ್ನು ಮಾಡುವ ಯೋಚನೆ ಇತ್ತು. ಆ ಹಸಿರು ಉಂಗುರ ನೋಡಿದ ಮೇಲೆ ಅದನ್ನು ಬಿಟ್ಟೆ. ನುಣ್ಣನೆಯ ಸಾಗುವಾನಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಈ ತೂತು ಹಡಗಿನದ್ದು. ಚಿಕ್ಕ ಡಬ್ಬಿಗಳನ್ನು ಮಾಡೋಣ, ಪ್ರತಿ ಮುಚ್ಚಳದಲ್ಲೂ ಒಂದು ತೂತೋ, ಮೊಳೆಯ ಕಪ್ಪು ಕಲೆಯೋ ಉಳಿಯಲಿ ಎಂದು ತೀರ್ಮಾನಿಸಿದೆ. ಮುಚ್ಚಳದ ಮೇಲ್ಮೈಗೆ ಉಪ್ಪುಕಾಗದ ಮುಟ್ಟಿಸಲೇ ಇಲ್ಲ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದೆ, ಅಷ್ಟೇ.

ಸಾಗುವಾನಿಯಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ. ಉಳಿ, ಹತ್ತರಿ ಎರಡೂ ಬೇಗ ಮೊಂಡಾಗುತ್ತವೆ. ಪ್ರತಿ ಡಬ್ಬಿಗೆ ಮೂರ್ನಾಲ್ಕು ಸಲ ಸಾಣೆ ಹಿಡಿದೆ. ಹುಡಿ ಗಂಟಲಿಗೆ, ಚರ್ಮಕ್ಕೆ ಆಗೋದಿಲ್ಲ. ಮಾಸ್ಕ್ ಬೇಕೇ ಬೇಕು. ಜಾಸ್ತಿ ಕಾಡಿದ್ದು ಮರದ ಎಣ್ಣೆ. ಹಡಗಿನ ಕಬ್ಬಿಣವನ್ನು ಕಾಪಾಡಿದ್ದೂ ಅದೇ ಎಣ್ಣೆ. ಓಕ್ ಮರದ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಸಾಗುವಾನಿ ಹಾಗೆ ಮಾಡುವುದಿಲ್ಲ. ಆದರೆ ಅಂಟಿಗೆ ಈ ಎಣ್ಣೆ ಶತ್ರು. ಮೊದಲ ಡಬ್ಬಿಯ ಮೂಲೆ ಎರಡೇ ದಿನಕ್ಕೆ ಬಿಟ್ಟುಕೊಂಡಿತು. ಆಮೇಲೆ ಅಂಟಿಸುವ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಎಪಾಕ್ಸಿ ಅಂಟು ಹಚ್ಚಿದೆ. ಈಗ ಗಟ್ಟಿಯಾಗಿವೆ.

ಹೊರಗೆ ತೆಳ್ಳಗೆ ಜೇನುಮೇಣ ತಿಕ್ಕಿದೆ. ಒಳಗೆ ಏನೂ ಹಚ್ಚಲಿಲ್ಲ. ಮುಚ್ಚಳ ತೆಗೆದಾಗ ಮರದ ವಾಸನೆ ಬರಬೇಕು.

ಉಳಿದ ಒಂದು ತುಂಡನ್ನು ಅಜ್ಜಿಯನ್ನು ಕೇಳಿಯೇ ಇಟ್ಟುಕೊಂಡೆ. ಅದನ್ನು ಲೇತ್‌ನಲ್ಲಿ ಕಡೆದು ಅಮ್ಮನಿಗೆ ಕುಂಕುಮದ ಭರಣಿ ಮಾಡಿ ಕಳಿಸಿದೆ. ಅಪ್ಪಯ್ಯ ಮೊದಲು ಮೂಸಿದರಂತೆ. ಆಮೇಲೆ ಮುಚ್ಚಳ ತಿರುಗಿಸಿ ನೋಡಿ, "ಇನ್ನೂ ಚೂರು ಬಿಗಿ ಬೇಕಿತ್ತು" ಅಂದರಂತೆ. ಸರಿಯಾದ ಮಾತೇ.

ತಗಡು ಒಂದೇ, ಡಬ್ಬಿಗಳು ಐದು. ಹೊಸ ತಗಡು ಕೆತ್ತಿಸಿ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಹಳೆಯದರಂತೆ ಕಾಣುವ ಹೊಸ ತಗಡಿನಿಂದ ಮುಂದೆ ಯಾರಿಗೋ ಮೋಸವಾಗಬಹುದು. ಹಳೆಯದು ಅಜ್ಜಿಯ ಹತ್ತಿರವೇ ಉಳಿಯಿತು. ಡಬ್ಬಿಗಳಲ್ಲಿ ಇಡಲು ಅವರೇ ಒಂದೊಂದು ಚೀಟಿ ಬರೆದರು. ಹಡಗಿನ ಹೆಸರು, ಬೆಂಚು ಎಲ್ಲಿತ್ತು, ತಾತನ ಹೆಸರು. ಕೈ ನಡುಗುತ್ತದೆ ಅವರಿಗೆ. ಐದು ಚೀಟಿ ಬರೆಯಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.