ಮಣ್ಣಿನ ರಂಧ್ರಗಳಲ್ಲಿ ನೀರೆಷ್ಟು? ಡಬ್ಬಿ, ತಕ್ಕಡಿಯಲ್ಲಿ ಅಳೆಯುವ ಬಗೆ

ಪುಣೆಯ ಪೂರ್ವಕ್ಕಿರುವ ಎರೆಹೊಲಗಳು ಮೇ ತಿಂಗಳಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಆ ಒಣಮಣ್ಣಿನ ಸೂಕ್ಷ್ಮಜೀವಿಗಳು ಎಚ್ಚೆತ್ತು, ಸತ್ತ ಜೀವಕೋಶಗಳನ್ನೂ ಒಡೆದ ಹೆಂಟೆಗಳಿಂದ ಹೊರಬಂದ ಸಾವಯವ ಅಂಶವನ್ನೂ ತಿಂದು, ಕೆಲವೇ ಗಂಟೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ದಂಡಿಯಾಗಿ ಹೊರಬಿಡುತ್ತವೆ. ಪೂರ್ವ ಆಫ್ರಿಕದ ಮಣ್ಣನ್ನು ಅಭ್ಯಸಿಸಿದ ಎಚ್. ಎಫ್. ಬರ್ಚ್ 1958ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಬರ್ಚ್ ಪರಿಣಾಮವೆಂದೇ ಹೆಸರು.

ಶೀತದೇಶಗಳಲ್ಲಿ ಇದೇ ಕೆಲಸವನ್ನು ಹಿಮ ಮಾಡುತ್ತದೆ. ಮಣ್ಣಿನ ನೀರು ಹೆಪ್ಪುಗಟ್ಟಿದಾಗ ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳುತ್ತವೆ, ಹೆಂಟೆಗಳನ್ನು ಒಡೆಯುತ್ತವೆ. ಕರಗುವ ಕಾಲಕ್ಕೆ ಆ ಆಹಾರವೆಲ್ಲ ಒಮ್ಮೆಗೇ ದೊರೆಯುತ್ತದೆ, ಮಣ್ಣು ನೀರಿನಿಂದ ತೊಯ್ದು ಆಮ್ಲಜನಕ ಕಡಿಮೆಯಾಗಿರುತ್ತದೆ, ಆಗ ಭೂಮಿಯ ಬಿಸಿ ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಅನಿಲ ಭರದಿಂದ ಹೊರಬರುತ್ತದೆ. ಕೆನಡಾದ ಹೊಲಗಳಲ್ಲಿ ವರ್ಷಗಟ್ಟಲೆ ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ಕರಗುವ ಕಾಲವನ್ನು ಬಿಟ್ಟು ಲೆಕ್ಕ ಹಾಕಿದರೆ ಜಗತ್ತಿನ ಕೃಷಿಭೂಮಿಯ ನೈಟ್ರಸ್ ಆಕ್ಸೈಡ್ ಲೆಕ್ಕ ಶೇ 17ರಿಂದ 28ರಷ್ಟು ಕಡಿಮೆ ಬರುತ್ತದೆ ಎಂದು ಅಂದಾಜಿಸಿತು. ನಮ್ಮಲ್ಲಿ ಮಹಾಬಳೇಶ್ವರದ ವೆಣ್ಣಾ ಕೆರೆಯ ದಂಡೆಯಲ್ಲಿ ಚಳಿಗಾಲದ ಕೆಲವು ಬೆಳಗುಗಳಲ್ಲಿ ಇಬ್ಬನಿ ಗಟ್ಟಿಯಾಗುವುದುಂಟು, ಆದರೆ ಪುಣೆಯ ಹೊಲದ ಮಣ್ಣು ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ನಾವು ಕಣ್ಣಿಡಬೇಕಾದದ್ದು ತೇವದ ಮೇಲೆ, ಅದರಲ್ಲೂ ಮಣ್ಣಿನ ರಂಧ್ರಗಳಲ್ಲಿ ಎಷ್ಟು ಪಾಲು ನೀರು ತುಂಬಿದೆ ಎಂಬುದರ ಮೇಲೆ.

ಅದನ್ನು ಅಳೆಯಲು ಅರ್ಧ ಲೀಟರಿನ ತಗಡಿನ ಡಬ್ಬಿಯೊಂದು ಸಾಕು. ತಳ ಕತ್ತರಿಸುವ ಮುನ್ನವೇ ನೀರು ತುಂಬಿ ಅದರ ಗಾತ್ರವನ್ನು ಅಳೆದು ಬರೆದಿಡಿ. ನಂತರ ಎರಡೂ ಬದಿ ತೆರೆದ ಡಬ್ಬಿಯನ್ನು ಮೇಲಿಂದ ಹಲಗೆಯಿಟ್ಟು ಮೆಲ್ಲಗೆ ತಟ್ಟುತ್ತ ನೆಲಕ್ಕೆ ಇಳಿಸಿ. ಸುತ್ತ ಅಗೆದು ಮಣ್ಣುಸಹಿತ ಎತ್ತಿ, ಎರಡೂ ಅಂಚುಗಳನ್ನು ಚಾಕುವಿನಿಂದ ಸಮ ಮಾಡಿ. ಜೋರಾಗಿ ಹೊಡೆದರೆ ಒಳಗಿನ ಮಣ್ಣು ಅದುಮಿಕೊಂಡು ಲೆಕ್ಕವೆಲ್ಲ ಕೆಡುತ್ತದೆ. ಡಬ್ಬಿಯ ತೂಕ ಕಳೆದು ಹಸಿಮಣ್ಣಿನ ತೂಕ ಬರೆದುಕೊಂಡ ಮೇಲೆ, ಮಣ್ಣನ್ನು ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ, ಸಾಮಾನ್ಯವಾಗಿ 24 ಗಂಟೆ, ಒಣಗಿಸಿ.

500 ಮಿಲಿಲೀಟರಿನ ಡಬ್ಬಿಯಲ್ಲಿ ಹಸಿಮಣ್ಣು 750 ಗ್ರಾಂ, ಒಣಮಣ್ಣು 600 ಗ್ರಾಂ ಬಂದಿತೆನ್ನೋಣ. ನೀರು 150 ಗ್ರಾಂ, ಅಂದರೆ 150 ಮಿಲಿಲೀಟರ್. ಮಣ್ಣಿನ ಕಣಗಳ ಸಾಂದ್ರತೆಯನ್ನು ಸಾಮಾನ್ಯವಾಗಿ ಮಿಲಿಲೀಟರಿಗೆ 2.65 ಗ್ರಾಂ ಎಂದು ಹಿಡಿಯುತ್ತಾರೆ. 600ನ್ನು ಅದರಿಂದ ಭಾಗಿಸಿದರೆ ಕಣಗಳು ಹಿಡಿದ ಜಾಗ ಸುಮಾರು 226 ಮಿಲಿಲೀಟರ್, ಡಬ್ಬಿಯ 500ರಲ್ಲಿ ಉಳಿದ 274 ರಂಧ್ರಗಳದ್ದು. 150ನ್ನು 274ರಿಂದ ಭಾಗಿಸಿ, ಉತ್ತರ ಶೇ 55. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆಯಾದ್ದರಿಂದ ಹಳೆಯ ಅಳತೆಯನ್ನೇ ಮತ್ತೆ ಬಳಸದೆ, ಪ್ರತಿ ಸಲವೂ ಹೊಸ ಡಬ್ಬಿ ಮಣ್ಣು ತೆಗೆಯಬೇಕು.

ಶೇ 60ರ ಆಸುಪಾಸಿನಲ್ಲಿ ಗಾಳಿ ಬೇಕಾದ ಜೀವಿಗಳ ಚಟುವಟಿಕೆ ಅತ್ಯಧಿಕ, ಇಂಗಾಲದ ಡೈಆಕ್ಸೈಡೂ ಹಾಗೆಯೇ. ಶೇ 60ರಿಂದ 80ರ ನಡುವೆ ಆಮ್ಲಜನಕ ಸಾಲದೆ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸತೊಡಗುವುದರಿಂದ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಶಾಖ ಹಿಡಿಯುತ್ತದೆ. ತೇವ ಶೇ 80ಕ್ಕೂ ಮೇಲೇರಿದರೆ ನೈಟ್ರೇಟಿನ ಬಹುಪಾಲು ನಿರಪಾಯವಾದ ಸಾರಜನಕವಾಗಿಯೇ ಹೋಗುತ್ತದೆಯಾದರೂ, ಮುಳಶಿಯ ಭತ್ತದ ಗದ್ದೆಗಳಂತೆ ನೀರು ವಾರಗಟ್ಟಲೆ ನಿಂತರೆ ಮೀಥೇನ್ ಹುಟ್ಟುತ್ತದೆ.

ನನ್ನ ಮಟ್ಟಿಗೆ ಈ ಅಳತೆಯ ಮುಖ್ಯ ಉಪಯೋಗ ಯೂರಿಯಾ ಹಾಕುವ ದಿನವನ್ನು ನಿರ್ಧರಿಸುವುದು. ಕಬ್ಬಿಗೆ ನೀರು ಬಿಟ್ಟ ಮರುದಿನ ಅಥವಾ ದೊಡ್ಡ ಮಳೆಯ ಬೆನ್ನಿಗೆ ಶೇ 70 ಬಂದರೆ ಗೊಬ್ಬರದ ಚೀಲ ಬಿಚ್ಚಬೇಡಿ, ಹಾಕಿದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡಾಗಿ ಹಾರಿಹೋದೀತು. ಶೇ 55ಕ್ಕೆ ಇಳಿದ ಮೇಲೆ ಹಾಕಬೇಕಾದದ್ದನ್ನು ಎರಡು ಮೂರು ಕಂತುಗಳಾಗಿ, ಮಣ್ಣಿನೊಳಗೆ ಸೇರುವಂತೆ ಹಾಕಿ, ಮುಂದಿನ ಕಂತಿಗೆ ಮುನ್ನ ಮತ್ತೊಂದು ಡಬ್ಬಿ ಮಣ್ಣು ತೂಗಿ ನೋಡಿ.