ಸೆವಿಲ್‌ನಲ್ಲಿ ವಿದ್ಯಾರ್ಥಿಗಳೊಂದಿಗೆ ಮೊದಲ ದಿನ: ನನ್ನ ಅನುಭವ

ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಅಧ್ಯಯನ ಪ್ರವಾಸಕ್ಕಾಗಿ ಸ್ಪೇನ್‌ನ ಸೆವಿಲ್ ನಗರಕ್ಕೆ ಕರೆದೊಯ್ದಾಗ, ಮೊದಲ ದಿನಕ್ಕೆಂದು ನಾನು ಗೊತ್ತುಮಾಡಿದ್ದು ಎರಡೇ ಕಟ್ಟಡಗಳನ್ನು: ಕೆಥೆಡ್ರಲ್ ಮತ್ತು ಅಲ್ಕಾಸರ್ ಅರಮನೆ. ಇವೆರಡೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ ವಾಹನದ ಗೊಡವೆ ಇರಲಿಲ್ಲ. ಟಿಕೆಟ್‌ಗಳನ್ನು ಊರಿನಿಂದಲೇ ಆನ್‌ಲೈನ್‌ನಲ್ಲಿ ಕಾದಿರಿಸಿದ್ದೆವು; ಪಾಸ್‌ಪೋರ್ಟ್‌ಗಳನ್ನು ಎಲ್ಲರೂ ಜೊತೆಯಲ್ಲೇ ಇಟ್ಟುಕೊಂಡಿದ್ದರು.

ಬೇಸಿಗೆಯ ಗಡಿಯಾರದಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಹಾಗಾಗಿ ಅಲ್ಲಿನ ನಸುಕಿನಲ್ಲೇ ನಮ್ಮ ಹುಡುಗರಿಗೆಲ್ಲ ಎಚ್ಚರವಾಗಿತ್ತು. ಕೆಥೆಡ್ರಲ್‌ನ ಬಾಗಿಲು ತೆರೆಯುವವರೆಗಿನ ಆ ಹೊತ್ತನ್ನು ಹಿರಾಲ್ದಾ ಗೋಪುರದ ಬುಡದಲ್ಲಿ ಕಳೆದೆವು. ಈಗ ಕೆಥೆಡ್ರಲ್‌ನ ಗಂಟೆಗೋಪುರವಾಗಿರುವ ಇಟ್ಟಿಗೆಯ ಈ ಗೋಪುರ ಮೂಲತಃ ಅದೇ ಜಾಗದಲ್ಲಿ ಮೊದಲಿದ್ದ ಮಸೀದಿಯ ಮಿನಾರು. 1184ರಲ್ಲಿ ಆರಂಭವಾಗಿ 1198ರಲ್ಲಿ ಮುಗಿಯಿತು. ಅದರ ಬುಡದ ಮೂಲೆಯಲ್ಲಿ ಲ್ಯಾಟಿನ್ ಅಕ್ಷರಗಳುಳ್ಳ ರೋಮನ್ ಕಾಲದ ಕಲ್ಲುಗಳನ್ನು ಕಟ್ಟಡದ ಸಾಮಗ್ರಿಯಾಗಿ ಬಳಸಿದ್ದಾರೆ. ತುದಿಯ ಗಂಟೆಗಳ ಅಂತಸ್ತು 1568ರಲ್ಲಿ ಮುಗಿದ ಕ್ರೈಸ್ತ ಸೇರ್ಪಡೆ. ಬುಡದಿಂದ ತುದಿಯವರೆಗೆ ಒಂದು ಚಿತ್ರ ಬರೆದು, ಎಲ್ಲಿ ಒಂದು ಕಾಲ ಮುಗಿದು ಇನ್ನೊಂದು ತೊಡಗುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸಿ ಎಂದಷ್ಟೇ ಹೇಳಿದೆ. ಪ್ರವಾಸಿ ಮಾರ್ಗದರ್ಶಕರ ಒಂದು ಗಂಟೆಯ ಭಾಷಣಕ್ಕಿಂತ ಈ ಒಂದು ಚಿತ್ರ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಳಗೆ ಹೋದ ಮೇಲೆ ಗೋಪುರವನ್ನೇ ಮೊದಲು ಹತ್ತಿಸಿದೆ. ತುದಿಯ ಕೆಲವು ಮೆಟ್ಟಿಲುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಇಳಿಜಾರು ದಾರಿ. ಕುದುರೆಯ ಮೇಲೆ ಕುಳಿತೇ ಹತ್ತಲೆಂದು ಹೀಗೆ ಕಟ್ಟಿದರೆಂದು ಹೇಳುತ್ತಾರೆ. ಪ್ರತಿ ತಿರುವಿನಲ್ಲೂ ಗೋಡೆಯ ಮೇಲೆ ಅಂಕಿ ಇರುವುದರಿಂದ ಹಿಂದುಳಿದವರು ಎಲ್ಲಿದ್ದಾರೆಂದು ಕೇಳಿ ತಿಳಿಯುವುದು ಸುಲಭವಾಯಿತು. ಮೇಲಿನಿಂದ ಕಿತ್ತಳೆ ಮರಗಳ ಅಂಗಳ ಕಾಣುತ್ತದೆ. ಹಳೆಯ ಮಸೀದಿಯಲ್ಲಿ ಉಳಿದುಕೊಂಡ ಭಾಗಗಳಲ್ಲಿ ಇದೂ ಒಂದು; ಇಳಿದು ಬಂದ ನಂತರ, ಮರದಿಂದ ಮರಕ್ಕೆ ನೀರು ಹಾಯಿಸಲು ನೆಲದಲ್ಲಿ ಮಾಡಿರುವ ಸಣ್ಣ ಕಾಲುವೆಗಳನ್ನು ಹುಡುಗರು ಅಳೆದು ಬರೆದುಕೊಂಡರು. ಕೊಲಂಬಸ್‌ನ ಸಮಾಧಿಗೆ ನಾನು ಹೆಚ್ಚು ಸಮಯ ಕೊಡಲಿಲ್ಲ. ಇಂಡಿಯಾವನ್ನು ಅರಸಿ ಹೊರಟವನ ಮುಂದೆ ಫೋಟೊ ತೆಗೆಸಿಕೊಳ್ಳುವ ಆಸೆ ಮಾತ್ರ ಯಾರಿಗೂ ತಪ್ಪಲಿಲ್ಲ.

ಮಧ್ಯಾಹ್ನದ ಊಟ ಅಲ್ಲಿ ಎರಡು ಗಂಟೆಯ ಆಸುಪಾಸಿನಲ್ಲಿ. ಸಸ್ಯಾಹಾರಿಗಳಿಗೆ ಸೆವಿಲ್‌ನಲ್ಲಿ ಪಾಲಕ್ ಮತ್ತು ಕಡಲೆಕಾಳಿನ ಒಂದು ಸ್ಥಳೀಯ ಪಲ್ಯ ಸಿಗುತ್ತದೆ. ಜೀರಿಗೆ, ಬೆಳ್ಳುಳ್ಳಿ ಹಾಕಿರುವುದರಿಂದ ನಮ್ಮ ನಾಲಿಗೆಗೆ ಪರಕೀಯವೆನಿಸುವುದಿಲ್ಲ. ಆದರೆ ಸಾಲ್ಮೊರೇಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಹಂದಿಮಾಂಸದ ಚೂರು ಮತ್ತು ಮೊಟ್ಟೆ ಉದುರಿಸುವುದು ವಾಡಿಕೆ; ಬೇಡವೆಂದು ಮೊದಲೇ ಹೇಳಬೇಕು.

ಅಲ್ಕಾಸರ್‌ನಲ್ಲಿ ಒಂದನೆಯ ಪೆದ್ರೊ ಕಟ್ಟಿಸಿದ ಅರಮನೆಯ ಮುಂಭಾಗದ ಎದುರು ಬಹಳ ಹೊತ್ತು ನಿಂತೆವು. ಬಾಗಿಲಿನ ಮೇಲ್ಭಾಗದಲ್ಲಿ ನೀಲಿ ಹೆಂಚುಗಳ ಮೇಲೆ, ಅಲ್ಲಾಹನ ಹೊರತು ಬೇರೆ ವಿಜಯಿ ಇಲ್ಲವೆಂಬ ಅರಬ್ಬಿ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಅದರ ಸುತ್ತಲೂ ಇದನ್ನು ಕಟ್ಟಿಸಿದವನು ಕ್ರೈಸ್ತ ರಾಜನೆಂದು ಸಾರುವ ಕಾಸ್ತೀಲಿಯನ್ ಭಾಷೆಯ ಬರಹವಿದೆ. ಅದರಲ್ಲಿ ನಮೂದಾದ ವರ್ಷ 1402. ಮಾರ್ಗದರ್ಶಿಯಲ್ಲಿ 1364 ಎಂದಿರುವುದನ್ನು ಗಮನಿಸಿದ ವಿದ್ಯಾರ್ಥಿನಿಯೊಬ್ಬಳು, "ಸರ್, ಇದು ನಮ್ಮ ಶಕವರ್ಷದ ಹಾಗೆ ಬೇರೆ ಲೆಕ್ಕ ಇರಬೇಕಲ್ಲವೇ?" ಎಂದು ಕೇಳಿದಳು. ಅವಳ ಊಹೆ ಸರಿಯಾಗಿತ್ತು. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸುವಂತೆ, ಸ್ಪೇನ್‌ನ ಆ ಹಳೆಯ ಕಾಲಗಣನೆಯಿಂದ 38 ಕಳೆಯಬೇಕು. ಬಾದಾಮಿ, ಐಹೊಳೆಗಳ ಕ್ಷೇತ್ರಾಧ್ಯಯನ ಇಲ್ಲಿ ಪ್ರಯೋಜನಕ್ಕೆ ಬಂತು.

ಸಂಜೆ ಬಿಸಿಲು ಇಳಿದ ಮೇಲೆ ಪ್ಲಾಸಾ ದೆ ಎಸ್ಪಾನ್ಯಾಗೆ ನಡೆದುಹೋದೆವು. 1929ರ ವಸ್ತುಪ್ರದರ್ಶನಕ್ಕಾಗಿ ಆನಿಬಲ್ ಗೊನ್ಸಾಲೆಸ್ ವಿನ್ಯಾಸಗೊಳಿಸಿದ ಈ ಅರ್ಧವರ್ತುಲದ ಕಟ್ಟಡದಲ್ಲಿ ಪ್ರಾಂತ್ಯಗಳಿಗೆ ಮೀಸಲಾದ ಹೆಂಚಿನ ಆಸನಗಳಿವೆ. ಅಲ್ಲಿ ಯಾವ ಕೆಲಸವನ್ನೂ ಹಚ್ಚದೆ, ರಾತ್ರಿಯ ಊಟಕ್ಕೆ ಒಂಬತ್ತಕ್ಕೆ ಕೆಥೆಡ್ರಲ್ ಎದುರಿನ ಕಾರಂಜಿಯ ಬಳಿ ಸೇರಬೇಕೆಂದು ತಿಳಿಸಿ, ಮೂವರು ನಾಲ್ವರ ಗುಂಪುಗಳಾಗಿ ತಿರುಗಾಡಲು ಬಿಟ್ಟೆ.